ಕುವೈತಿನಲ್ಲೂ ಒಂದು ಘಾಟಿ!

"ಅಲ್ಲಿ ಗುಡ್ಡ ಉಂಟಾ?"

ಊರಿನಿಂದ ವಿಡಿಯೊ ಕಾಲ್ ಬಂದಾಗ ಅಮ್ಮಂದಿರು, ಅತ್ತೆಯಂದಿರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಊಟ ಆಯ್ತಾ, ಸೆಕೆ ಎಷ್ಟು, ರಜೆ ಯಾವಾಗ ಎಂಬುದೆಲ್ಲ ಮುಗಿದ ಮೇಲೆ, ಫೋನು ಇಡಲು ಮನಸ್ಸಿಲ್ಲದೆ ಮಾತು ಹುಡುಕುವಾಗ ಬರುವ ಪ್ರಶ್ನೆ. ಇಷ್ಟು ವರ್ಷ ನಾವು ಕೊಡುತ್ತಿದ್ದ ಉತ್ತರ ಒಂದೇ: "ಇಲ್ಲಮ್ಮ, ಎಲ್ಲ ಚಪ್ಪಟೆ, ದೋಸೆಕಲ್ಲಿನ ಹಾಗೆ."

ಬೇಕೆಂದು ಹೇಳಿದ ಸುಳ್ಳಲ್ಲ. ನಮಗೆ ಗೊತ್ತಿದ್ದದ್ದೇ ಅಷ್ಟು. ಅಬ್ಬಾಸಿಯಾ, ಫರ್ವಾನಿಯಾ, ಸಾಲ್ಮಿಯಾ, ಮಂಗಾಫ್, ಫಹಾಹೀಲ್ ಇವಿಷ್ಟೇ ನಮ್ಮ ಕುವೈತ್. ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಫ್ಲ್ಯಾಟು, ಶುಕ್ರವಾರ ಸಂಘದ ಕಾರ್ಯಕ್ರಮ ಇಲ್ಲವೇ ಸೂಪರ್ ಮಾರ್ಕೆಟ್ಟು. ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರಲ್ಲೂ ಈ ದೇಶದ ಉತ್ತರ ಭಾಗವನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು. ಹಾಗಾಗಿ ಫೆಬ್ರುವರಿಯ ಒಂದು ಶನಿವಾರ ನಾವು ಐದು ಕುಟುಂಬದವರು, ಮಕ್ಕಳೂ ಸೇರಿ ಹದಿನೆಂಟು ಮಂದಿ, ನಾಲ್ಕು ಕಾರುಗಳಲ್ಲಿ ಜಾಲ್ ಅಜ್ ಝೋರ್ ನೋಡಲು ಹೊರಟೆವು.

ಜಾಲ್ ಅಜ್ ಝೋರ್ ಎಂದರೆ ಕುವೈತ್ ಕೊಲ್ಲಿಯ ಉತ್ತರ ದಡದುದ್ದಕ್ಕೂ ಎದ್ದು ನಿಂತ ಕಡಿದಾದ ಬಂಡೆಗಳ ಸಾಲು. ಅರವತ್ತು ಕಿಲೋಮೀಟರಿನಷ್ಟು ಉದ್ದ. ಅತಿ ಎತ್ತರದ ಕಡೆ ಸುಮಾರು 145 ಮೀಟರ್. ನಮ್ಮ ಜೋಗದ ಆಳ 253 ಮೀಟರ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಅದರ ಅರ್ಧಕ್ಕಿಂತ ತುಸು ಹೆಚ್ಚು ಎಂದು ಲೆಕ್ಕ ಹಾಕಿಕೊಳ್ಳಬಹುದು. ಆಗುಂಬೆ, ಚಾರ್ಮಾಡಿ ಕಂಡವರಿಗೆ ಇದೇನು ಮಹಾ ಎನ್ನಿಸೀತು. ಆದರೆ ಎಲ್ಲಿ ನೋಡಿದರೂ ಮಟ್ಟಸವಾದ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿದವರ ಎದುರು ಒಮ್ಮೆಲೇ ಒಂದು ಗೋಡೆ ಎದ್ದರೆ ಹೇಗಿರುತ್ತದೆ ಎಂಬುದನ್ನು ಅಲ್ಲಿ ನಿಂತೇ ತಿಳಿಯಬೇಕು.

ಈ ಬಂಡೆಸಾಲು ಮತ್ತು ಅದರ ಸುತ್ತಲಿನ ಮರುಭೂಮಿಯೇ ಇಂದು ಸಬಾಹ್ ಅಲ್ ಅಹ್ಮದ್ ನಿಸರ್ಗಧಾಮ. ಮುನ್ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಜಾಗಕ್ಕೆ ಸುತ್ತ ಬೇಲಿ ಹಾಕಿ ಕಾಯುತ್ತಿದ್ದಾರೆ. ಮನಸ್ಸು ಬಂದಾಗ ನುಗ್ಗುವ ಹಾಗಿಲ್ಲ. ಮೊದಲೇ ಅನುಮತಿ ಪಡೆಯಬೇಕು, ಚಳಿಗಾಲದಲ್ಲೇ ಹೋಗಬೇಕು, ಒಳಗೆ ಅವರು ತೋರಿಸಿದ ದಾರಿಯಲ್ಲೇ ಸಾಗಬೇಕು. ನಮ್ಮ ಪೈಕಿ ಒಬ್ಬರು ತಿಂಗಳ ಹಿಂದಿನಿಂದಲೇ ಇದರ ಬೆನ್ನು ಹತ್ತಿ ಕಾಗದಪತ್ರ ಸರಿಮಾಡಿಸಿದ್ದರು. ಅವರ ಮನೆಯವರು ಹದಿನೆಂಟು ಮಂದಿಗೂ ಆಗುವಷ್ಟು ಅವಲಕ್ಕಿ ಕಲಸಿ ತಂದಿದ್ದರು. ಎರಡಕ್ಕೂ ಇಲ್ಲಿ ಥ್ಯಾಂಕ್ಸ್ ಹೇಳಿಬಿಡುತ್ತೇವೆ.

ನಮ್ಮ ಜತೆ ಬಂದವರಲ್ಲಿ ಹಿರಿಯರೊಬ್ಬರಿದ್ದರು. ಬ್ರಹ್ಮಾವರ ಕಡೆಯವರು. ನಾವೆಲ್ಲ ಅವರನ್ನು ದೊಡ್ಡಣ್ಣ ಎಂದೇ ಕರೆಯುವುದು. ಪೇಪರಿನಲ್ಲಿ ಹೆಸರು ಹಾಕುವುದು ಬೇಡ ಎಂದಿದ್ದಾರೆ. ಏಪ್ರಿಲ್‌ನಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗುವವರು. ನಿಸರ್ಗಧಾಮಕ್ಕೆ ಹೋಗುವ ದಾರಿ ಜಹ್ರಾ ದಾಟಿದ ಮೇಲೆ ಸುಬಿಯಾ ಕಡೆಗೆ ಬಲಕ್ಕೆ ತಿರುಗುತ್ತದೆ. ಅಲ್ಲಿ ದೊಡ್ಡಣ್ಣ, "ತಿರುಗಿಸಬೇಡಿ. ನೆಟ್ಟಗೆ ಹೋಗಿ, ಒಮ್ಮೆ ಮುತ್ಲಾ ಏರು ಹತ್ತಿ ಇಳಿಯುವ" ಎಂದರು. ಯಾಕೆಂದು ಕೇಳಿದರೆ ಹೇಳಲಿಲ್ಲ. ನಾಲ್ಕೂ ಕಾರು ಅವರ ಮಾತಿಗೆ ಕಟ್ಟುಬಿದ್ದು ಇರಾಕ್ ಗಡಿಯತ್ತ ಸಾಗುವ 80ನೇ ನಂಬರ್ ಹೆದ್ದಾರಿಯಲ್ಲೇ ಮುಂದುವರಿದವು.

ಮುತ್ಲಾ ಎಂದರೆ ಅದೇ ಬಂಡೆಸಾಲಿನ ಪಶ್ಚಿಮದ ತುದಿ. ಈಗ ಅಲ್ಲಿ ಹೊಸ ನಗರವೇ ಎದ್ದಿದೆ, ಸಾವಿರಾರು ಮನೆಗಳು. ರಸ್ತೆ ಅಗಲ, ಕಾರಿನ ಎಂಜಿನ್ನು ಬಲವಾದದ್ದು. ಏರು ಹತ್ತಿದ್ದೇ ನಮಗೆ ತಿಳಿಯಲಿಲ್ಲ. ಮೇಲೆ ಹೋಗಿ ಕಾರು ಬದಿಗೆ ನಿಲ್ಲಿಸಿದ ಮೇಲೆ ದೊಡ್ಡಣ್ಣ ಇಳಿದು ಬಂದ ದಾರಿಯತ್ತ ತಿರುಗಿ ನಿಂತರು.

"ಕುವೈತಿನಲ್ಲಿ ಏರು ಉಂಟು ಅಂತ ನನಗೆ ಗೊತ್ತಾದದ್ದು ಇಲ್ಲೇ ಮಾರಾಯ್ರೆ. ತೊಂಬತ್ತನೇ ಇಸವಿ, ಸೆಪ್ಟೆಂಬರ್. ಬಸ್ಸಿನಲ್ಲಿ ಎಪ್ಪತ್ತು ಎಂಬತ್ತು ಜನ, ಮೇಲೆ ಲಗೇಜು. ಡ್ರೈವರ್ ಗೇರು ಇಳಿಸಿದ. ಬಸ್ಸು ಅಳುತ್ತಾ ಹತ್ತಿತು. ರಾತ್ರಿ. ಬಲಗಡೆಗೆ ಕಪ್ಪಗೆ ಒಂದು ಗೋಡೆಯ ಹಾಗೆ ಕಂಡಿತು. ಇದು ದಾಟಿದರೆ ಇನ್ನು ಕುವೈತ್ ನೋಡಲಿಕ್ಕಿಲ್ಲ ಅಂತ ನಾನು ಅಂದುಕೊಂಡೆ."

1990ರ ಆಗಸ್ಟ್ 2ರಂದು ಇರಾಕಿ ಸೇನೆ ಕುವೈತಿಗೆ ನುಗ್ಗಿದಾಗ ದೊಡ್ಡಣ್ಣ ಇಲ್ಲಿಗೆ ಬಂದು ನಾಲ್ಕು ವರ್ಷ. ಅದೇ ಮೇ ತಿಂಗಳಲ್ಲಿ ಊರಿಗೆ ಹೋಗಿ ಮದುವೆಯಾಗಿ, ಜುಲೈಯಲ್ಲಿ ಮರಳಿದ್ದರು. ಫೋನು ಸತ್ತಿತ್ತು, ಕಾಗದ ಹೋಗುತ್ತಿರಲಿಲ್ಲ. ನಲವತ್ತು ದಿನ ಬ್ರಹ್ಮಾವರದ ಮನೆಗೆ ಸುದ್ದಿಯೇ ಇಲ್ಲ. ಹೊಸ ಮದುಮಗಳು ಆಕಾಶವಾಣಿ ವಾರ್ತೆಯ ಹೊತ್ತಿಗೆ ರೇಡಿಯೊ ಮುಂದೆ ಕೂತರೆ ಅತ್ತೆ ದೇವರ ಮುಂದೆ ಕೂರುತ್ತಿದ್ದರಂತೆ. ಬಸ್ಸು ಬಸ್ರಾ, ಬಾಗ್ದಾದ್ ದಾಟಿ ಜೋರ್ಡನ್ ಗಡಿ ಮುಟ್ಟಿತು. ಗಡಿಯ ಡೇರೆಗಳಲ್ಲಿ ಒಂಬತ್ತು ದಿನ. ಆಮೇಲೆ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ. ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ 488 ಸಲ ವಿಮಾನ ಹಾರಿಸಿ ಲಕ್ಷಕ್ಕೂ ಮೀರಿದ ಭಾರತೀಯರನ್ನು ಮನೆಗೆ ಮುಟ್ಟಿಸಿದ ಆ ಕಾರ್ಯಾಚರಣೆಯ ಕಥೆ ಸಿನಿಮಾ ಆಗಿ ಎಲ್ಲರಿಗೂ ಗೊತ್ತು. ಸಿನಿಮಾದಲ್ಲಿ ಈ ಏರು ಇರಲಿಲ್ಲ ಎಂಬುದು ದೊಡ್ಡಣ್ಣನ ತಕರಾರು.

ಮರುವರ್ಷ ಫೆಬ್ರುವರಿಯಲ್ಲಿ ಸೋತು ಹಿಂದೆ ಸರಿಯುತ್ತಿದ್ದ ಸೇನೆಯ ವಾಹನಗಳ ಮೇಲೆ ಅಮೆರಿಕದ ವಿಮಾನಗಳು ಬಾಂಬು ಸುರಿದದ್ದು ಇದೇ ಏರಿನಲ್ಲಿ. ಈಗ ಅಲ್ಲಿ ಅದರ ಗುರುತು ಒಂದೂ ಇಲ್ಲ. ಲಾರಿಗಳು ಸಾಲುಗಟ್ಟಿ ಹೋಗುತ್ತವೆ.

ಏರು ಇಳಿದು ಸುಬಿಯಾ ರಸ್ತೆ ಹಿಡಿದೆವು. ಬಲಕ್ಕೆ ಕೊಲ್ಲಿಯ ನೀಲಿ, ಎಡಕ್ಕೆ ಬಂಡೆಸಾಲು. ಬೆಳಗಿನ ಬಿಸಿಲು ಬಿದ್ದು ಗೋಡೆ ಒಂದು ಕಡೆ ಬೆಣ್ಣೆಯ ಬಣ್ಣ, ಇನ್ನೊಂದು ಕಡೆ ಹಸಿ ಇಟ್ಟಿಗೆಯ ಬಣ್ಣ. ಗೇಟಿನಲ್ಲಿ ಹೆಸರು ತಾಳೆ ನೋಡಿ ಒಳಗೆ ಬಿಟ್ಟರು. ಮುಂದೆ ಅವರದೊಂದು ಜೀಪು, ಹಿಂದೆ ನಾವು. ಹಿಂದಿ, ಇಂಗ್ಲಿಷ್, ಅರಬ್ಬಿ ಮೂರನ್ನೂ ಬೆರೆಸಿ ಮಾತಾಡುವ ಮಾರ್ಗದರ್ಶಕರು ಇಳಿದ ಕೂಡಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೇಳಿದ ಮೊದಲ ಮಾತು: "ನೆಲದಲ್ಲಿ ಬಿದ್ದದ್ದು ಏನನ್ನೂ ಮುಟ್ಟಬಾರದು. ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬಾರದು." ಮಕ್ಕಳು ತಲೆಯಾಡಿಸಿದರು, ಮಕ್ಕಳು ಆಡಿಸುವ ಹಾಗೆ.

ದೂರದಿಂದ ಸುಣ್ಣಕಲ್ಲಿನ ಒಂದೇ ಗೋಡೆಯಂತೆ ಕಾಣುವ ಬಂಡೆ ಹತ್ತಿರ ಹೋದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಕೆಳಗೆ ಮರಳುಗಲ್ಲು, ನಡುವೆ ಹಸಿರು-ಕೆಂಪು ಛಾಯೆಯ ಜೇಡಿ, ಅಲ್ಲಲ್ಲಿ ಸುಣ್ಣಕಲ್ಲಿನ ತೆಳು ಹಾಸು, ತುದಿಯಲ್ಲಿ ಉರುಟು ಕಲ್ಲುಗಳು. ಸುಮಾರು ಎರಡು ಕೋಟಿ ವರ್ಷಗಳಿಂದೀಚೆಗೆ ಒಂದರ ಮೇಲೊಂದು ಕೂತ ಪದರಗಳು ಇವು. ಒಮ್ಮೆ ಇಲ್ಲಿ ಆಳವಿಲ್ಲದ ಕಡಲಿತ್ತು. ನಡುವಿನ ಪದರಗಳಲ್ಲಿ ಸಿಂಪಿಗಳ ಕುರುಹು ಸಿಗುವುದು ಅದಕ್ಕೆ. ತುದಿಯ ಉರುಟು ಕಲ್ಲುಗಳು ಅರೇಬಿಯಾದ ಪಶ್ಚಿಮದ ಬೆಟ್ಟಗಳಿಂದ ಪುರಾತನ ನದಿಯೊಂದು ಉರುಳಿಸಿ ತಂದವು. ನದಿ ಎಂದೋ ಬತ್ತಿತು. ಅದು ಹರಿದ ಅಗಲವಾದ ಹಳ್ಳ ಕುವೈತಿನ ಪಶ್ಚಿಮದ ಗಡಿಯಾಗಿ ಉಳಿದಿದೆ, ವಾದಿ ಅಲ್ ಬಾತಿನ್ ಎಂದು ಹೆಸರು.

ಮೆದುವಾದ ಮರಳುಗಲ್ಲನ್ನು ಗಾಳಿ-ಮಳೆ ಕೊರೆಯುತ್ತದೆ. ಸುಣ್ಣದಿಂದ ಗಟ್ಟಿಯಾದ ಪದರ ಮಾತ್ರ ಮಾಡಿನ ಹಾಗೆ ಮುಂದಕ್ಕೆ ಚಾಚಿಕೊಂಡು ನಿಲ್ಲುತ್ತದೆ. ಮಣ್ಣಿನೊಳಗಿನ ಸುಣ್ಣ ಹೀಗೆ ಹೆಪ್ಪುಗಟ್ಟಿ ಕಲ್ಲಾದದ್ದನ್ನು ಇಲ್ಲಿ ಗಾಚ್ ಎನ್ನುತ್ತಾರೆ. ಕನ್‌ಸ್ಟ್ರಕ್ಷನ್ ಕೆಲಸದಲ್ಲಿರುವ ನಮ್ಮ ಹುಡುಗರಿಗೆ ಈ ಹೆಸರು ಚೆನ್ನಾಗಿ ಗೊತ್ತು. ರಸ್ತೆಯ ತಳಕ್ಕೆ, ಪಾಯದ ಕೆಳಗೆ ಟಿಪ್ಪರ್‌ಗಟ್ಟಲೆ ಸುರಿದು ರೋಲರ್ ಹೊಡೆಯುವುದು ಇದನ್ನೇ. "ಹತ್ತು ವರ್ಷದಿಂದ ಲೋಡ್ ಲೆಕ್ಕ ಬರೆದಿದ್ದೇನೆ, ಅದು ಹುಟ್ಟುವುದು ಹೀಗೆ ಅಂತ ಇವತ್ತು ಗೊತ್ತಾಯ್ತು" ಎಂದರು ನಮ್ಮಲ್ಲಿದ್ದ ಸೈಟ್ ಸೂಪರ್‌ವೈಸರ್. ಪಾದೆಕಲ್ಲು, ಮುರಕಲ್ಲು ನೋಡಿ ಬೆಳೆದ ಕಣ್ಣಿಗೆ ಇದು ಬೇರೆಯೇ ಬಗೆ. ನಮ್ಮ ಕಲ್ಲು ಮಳೆಗೆ ಕಪ್ಪಾಗುತ್ತದೆ, ಪಾಚಿ ಹಿಡಿಯುತ್ತದೆ. ಇಲ್ಲಿಯದು ಬರೀ ಎಲುಬು.

ಜೀಪಿನ ಹಿಂದೆ ಸುತ್ತುಬಳಸಿ ಅಂಚಿನ ಮೇಲಕ್ಕೆ ಬಂದೆವು. ಗಾಳಿ ಎಷ್ಟಿತ್ತೆಂದರೆ ಮಕ್ಕಳ ಟೊಪ್ಪಿ ಎರಡು ಹಾರಿಹೋದವು, ಮಾರ್ಗದರ್ಶಕರು ತರಲು ಬಿಡಲಿಲ್ಲ. ಕಾಲ ಬುಡದಲ್ಲಿ ಬಂಡೆ ಕತ್ತರಿಸಿದ ಹಾಗೆ ಇಳಿದಿತ್ತು. ಕೆಳಗೆ ಉಪ್ಪು ಬಿಳಿಚಿಕೊಂಡ ಜೌಗು ನೆಲ, ಆಮೇಲೆ ಕೊಲ್ಲಿಯ ನೀರು, ನೀರಿನ ಆಚೆ ಮಂಜಿನಲ್ಲಿ ಕಡ್ಡಿ ಚುಚ್ಚಿಟ್ಟಂತೆ ಕುವೈತ್ ಸಿಟಿ. ಅಲ್ ಹಮ್ರಾ ಗೋಪುರವನ್ನು ಮಕ್ಕಳೇ ಗುರುತಿಸಿದರು. 413 ಮೀಟರ್ ಅಂತೆ ಅದು. ಅಂದರೆ ಕಾಲ ಕೆಳಗಿನ ಈ ಬಂಡೆಯ ಸುಮಾರು ಮೂರು ಪಟ್ಟು. ಆದರೂ ಇಲ್ಲಿಂದ ನೋಡುವಾಗ ಕಿರುಬೆರಳಿನ ಉಗುರಿನಷ್ಟು. ಆ ಕಡ್ಡಿಗಳ ಸಂದಿಯಲ್ಲೆಲ್ಲೋ ನಮ್ಮ ಆಫೀಸುಗಳು, ನಾವು ತಿಂಗಳ ಬಾಡಿಗೆ ಕಟ್ಟುವ ಫ್ಲ್ಯಾಟುಗಳು.

ದೊಡ್ಡಣ್ಣ ಮನೆಗೆ ವಿಡಿಯೊ ಕಾಲ್ ಮಾಡಿದರು. ಅದೃಷ್ಟಕ್ಕೆ ನೆಟ್‌ವರ್ಕ್ ಇತ್ತು. "ನೋಡು ಇವಳೇ, ಆ ದಿನ ಹೇಳಿದ್ದೆನಲ್ಲ, ಕಪ್ಪು ಗೋಡೆ ಅಂತ. ಇದೇ. ಅದರ ಮೇಲೆ ನಿಂತಿದ್ದೇನೆ." ಆ ಕಡೆಯಿಂದ ಬಂದ ಉತ್ತರ ಗಾಳಿಯ ಸದ್ದಿನಲ್ಲೂ ನಮಗೆಲ್ಲ ಕೇಳಿತು: "ನೋಡಿದ್ದು ಸಾಕು, ಅಂಚಿನಿಂದ ಈಚೆ ಬನ್ನಿ. ಏಪ್ರಿಲ್‌ಗೆ ಟಿಕೆಟ್ ಆಗಿದೆ."

ಇಲ್ಲಿನ ಕಥೆಯಲ್ಲಿ ಯುದ್ಧ ಪದೇ ಪದೇ ಬರುವುದಕ್ಕೆ ಕಾರಣವಿದೆ. ಈ ಜಾಗವನ್ನು ಕುವೈತಿನ ರಾಷ್ಟ್ರೀಯ ಉದ್ಯಾನವೆಂದು ಮಾಡಿದ್ದು 1990ರಲ್ಲಿ. ಅದೇ ವರ್ಷ ಆಕ್ರಮಣ. ಬೇಲಿ ಹೋಯಿತು, ನೆಲವನ್ನು ಅಗೆದು ಕಂದಕ ತೋಡಿದರು, ನೆಲಬಾಂಬು ಹೂತರು. ದೇಶದ ದಕ್ಷಿಣದಲ್ಲೂ ಉತ್ತರದಲ್ಲೂ ಬೆಂಕಿ ಹಚ್ಚಿದ ಆರುನೂರಕ್ಕೂ ಹೆಚ್ಚು ತೈಲಬಾವಿಗಳ ಹೊಗೆ ತಿಂಗಳುಗಟ್ಟಲೆ ಆಕಾಶ ಮುಚ್ಚಿತ್ತು. ಕೊನೆಯ ಬಾವಿ ಆರಿದ್ದು 1991ರ ನವೆಂಬರ್ 6ರಂದು. ಬಿಡುಗಡೆಯ ನಂತರ ದೇಶದ ನೆಲದಿಂದ ಹದಿನಾರು ಲಕ್ಷಕ್ಕೂ ಹೆಚ್ಚು ನೆಲಬಾಂಬುಗಳನ್ನು ಹೊರತೆಗೆದರು. ಮತ್ತೆ ಬೇಲಿ ಕಟ್ಟಿ, ಇಲ್ಲಿನದೇ ಗಿಡಗಳನ್ನು ನೆಟ್ಟು, ಕಾದು ಕೂತರು. ಈಗಿನ ಹೆಸರು ಬಂದದ್ದು 2004ರಲ್ಲಿ.

ತೆಗೆದದ್ದು ಲಕ್ಷಗಟ್ಟಲೆ ಇರಬಹುದು. ಉಳಿದದ್ದು ಒಂದಿದ್ದರೂ ಒಂದೇ. ಮರಳು ಸರಿದಾಗ, ಜೋರು ಮಳೆ ಬಂದಾಗ ಹಳೆಯ ಸಿಡಿಮದ್ದು ಮೇಲೆ ಕಾಣಿಸಿಕೊಳ್ಳುವುದುಂಟು. ನಾವು ಅವಲಕ್ಕಿ ತಿಂದು ಏಳುವ ಹೊತ್ತಿಗೆ ನಮ್ಮಲ್ಲೊಬ್ಬರ ಒಂಬತ್ತು ವರ್ಷದ ಮಗ ದಾರಿಯ ಅಂಚಿನಲ್ಲಿ ಕೂತು ತುಕ್ಕು ಹಿಡಿದ ಏನನ್ನೋ ಉಗುರಿನಲ್ಲಿ ಕೆರೆದು ಎಬ್ಬಿಸುತ್ತಿದ್ದ. ಮಾರ್ಗದರ್ಶಕರು ಕಿರುಚಿದ್ದು ಯಾವ ಭಾಷೆಯೋ ನೆನಪಿಲ್ಲ. ಹುಡುಗ ಕೈ ಎತ್ತಿ ಕಲ್ಲಿನಂತೆ ನಿಂತ. ಅವನ ತಾಯಿಯ ಮುಖ ನೋಡುವ ಹಾಗಿರಲಿಲ್ಲ. ಮಾರ್ಗದರ್ಶಕರು ಮೆಲ್ಲನೆ ಹೋಗಿ ಬಗ್ಗಿ ನೋಡಿ, ನಕ್ಕು, ಎತ್ತಿ ತೋರಿಸಿದರು: ಟೆಂಟಿನ ಗೂಟ. ಆಮೇಲೆ ಹೊತ್ತು ಮುಗಿಯುವ ತನಕ ಯಾವ ಮಗುವಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ಊರಿನಲ್ಲಿರುವ ತಂದೆ ತಾಯಂದಿರು ಇದನ್ನು ಓದಿ ಗಾಬರಿಯಾಗಬೇಡಿ. ಆದರೆ ಚಳಿಗಾಲದಲ್ಲಿ ಗೆಳೆಯರ ಜತೆ ಮರುಭೂಮಿಗೆ ಟೆಂಟ್ ಹಾಕಲು ಹೋಗುವ ಮಗನಿಗೆ ಈ ಒಂದು ಮಾತು ಹೇಳಿಡಿ: ಅಲ್ಲಿ ಬಿದ್ದ ಕಬ್ಬಿಣ ಮುಟ್ಟಬೇಡ.

ಬಂಡೆ ನೋಡಲು ಬಂದ ನಮ್ಮನ್ನು ಕೊನೆಗೆ ಹಿಡಿದು ನಿಲ್ಲಿಸಿದ್ದು ಬಂಡೆಯಲ್ಲ, ಬೇಲಿ. ಒಳಗಿನಿಂದ ಅದರ ಪಕ್ಕದಲ್ಲೇ ಸ್ವಲ್ಪ ದೂರ ಸಾಗುವ ದಾರಿಯಿದೆ. ಬೇಲಿಯ ಈಚೆ ಮೊಣಕಾಲೆತ್ತರದ ಪೊದೆಗಳು ಮಾರಿಗೊಂದರಂತೆ ನೆಲ ಹಿಡಿದು ನಿಂತಿವೆ. ಆಚೆ ಬೋಳು, ಟೈರಿನ ಗುರುತು, ಹಾರುವ ಪ್ಲಾಸ್ಟಿಕ್ಕು. ಮಣ್ಣು ಅದೇ. ಸುರಿಯುವ ಮಳೆಯೂ ಅದೇ. ವರ್ಷವಿಡೀ ಸೇರಿ ನಮ್ಮೂರಿನ ಜುಲೈಯ ಒಂದು ಜೋರು ದಿನದಷ್ಟು. ಈ ಪೊದೆಗಳಲ್ಲಿ ಮುಖ್ಯವಾದದ್ದು ಅರ್ಫಜ್, ಇದರ ಹಳದಿ ಹೂವೇ ಕುವೈತಿನ ರಾಷ್ಟ್ರೀಯ ಪುಷ್ಪ. ಅರಳಲು ಇನ್ನೂ ಕೆಲವು ವಾರ ಇತ್ತು. ಅದರ ಬದಲು ನುವೈರ್ ಎಂಬ ಪುಟ್ಟ ಹಳದಿ ಹೂವು ತಗ್ಗುಗಳಲ್ಲಿ ಅರಿಶಿನ ಚೆಲ್ಲಿದ ಹಾಗೆ ಹಬ್ಬಿತ್ತು. ಪೊದೆ ಇದ್ದಲ್ಲಿ ಮರಳು ನಿಲ್ಲುತ್ತದೆ, ಮರಳು ನಿಂತಲ್ಲಿ ಬೀಜ ನಿಲ್ಲುತ್ತದೆ, ಬೀಜ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನರಿ, ಮೇಲೆ ಹದ್ದು. ಒಂದು ದೊಡ್ಡ ಕಂದು ಗಿಡುಗ ಗಂಟೆಗಟ್ಟಲೆ ನಮ್ಮ ತಲೆಯ ಮೇಲೆ ಸುತ್ತು ಹಾಕುತ್ತಿತ್ತು. ಬಿಸಿಲೇರಿದ ಮೇಲೆ ಬಿಲದ ಬಾಯಲ್ಲಿ ದಬ್ ಒಂದು ಮೈ ಕಾಯಿಸಿಕೊಳ್ಳುತ್ತಾ ಕಂಡಿತು, ಮುಳ್ಳು ಬಾಲದ ದಪ್ಪ ಓತಿ. ಮಕ್ಕಳಿಗೆ ಬಂಡೆಗಿಂತ ಅದೇ ದೊಡ್ಡದಾಯಿತು.

ಟಲ್ಹಾ ಮರದ ವಿಷಯ ಹೇಳದೆ ಮುಂದೆ ಹೋಗಲಾರೆವು. ಕುವೈತಿನ ಕಾಡುಮರಗಳಲ್ಲಿ ಕೊನೆಗೆ ಉಳಿದ ಒಂಟಿ ಮರ ಎಂದು ಹೆಸರಾದ ಜಾಲಿ ಜಾತಿಯ ಮರ ಇದೇ ಬೇಲಿಯೊಳಗಿದೆ. ಹಿಂದೆ ಇಂಥವು ಇನ್ನೂ ಇದ್ದವು. ಸೌದೆಗೆ ಕಡಿದು ಮುಗಿಯಿತು. ಕುವೈತಿನ ವೈಜ್ಞಾನಿಕ ಸಂಶೋಧನಾ ಸಂಸ್ಥೆಯವರು ಈ ಒಂಟಿ ಮರದ ಬೀಜದಿಂದ ಸಸಿ ಎಬ್ಬಿಸುವ ಕೆಲಸ ಮಾಡಿದ್ದಾರೆ. ಬಯಲುಸೀಮೆಯಲ್ಲಿ ಇಂಥ ಮರವನ್ನು ಯಾರೂ ತಿರುಗಿ ನೋಡಲಿಕ್ಕಿಲ್ಲ, ಹೊಲದ ಬದುವಿನಲ್ಲಿ ಹತ್ತಿರುತ್ತವೆ. ಇಲ್ಲಿ ನಾವು ಫೋಟೊ ತೆಗೆಯಲು ಸರದಿ ನಿಂತೆವು.

ಮಧ್ಯಾಹ್ನ ಕಳೆದು ಹೊರಬಂದು, ಬಂದ ದಾರಿ ಬಿಟ್ಟು ಪೂರ್ವಕ್ಕೆ ಹೊರಟೆವು. ಸುಬಿಯಾದಿಂದ ಕೊಲ್ಲಿಯ ಮೇಲೆ ಹಾದುಹೋಗುವ ಶೇಖ್ ಜಾಬರ್ ಸೇತುವೆ ಹತ್ತಿದರೆ ನೆಟ್ಟಗೆ ಸಿಟಿ. 36 ಕಿಲೋಮೀಟರಿನ ಈ ಸೇತುವೆ 2019ರ ಮೇ 1ರಂದು ತೆರೆದ ಮೇಲೆ ಜಹ್ರಾ ಸುತ್ತಿ ಹೋಗುವ ಕಷ್ಟ ತಪ್ಪಿದೆ. ಇದೇ ಸುಬಿಯಾದಲ್ಲಿ ಏಳು ಸಾವಿರ ವರ್ಷದಷ್ಟು ಹಳೆಯ ನೆಲೆಯೊಂದನ್ನು ಅಗೆದಾಗ ಕಲ್ಲರಗಿನ ತುಂಡುಗಳು ಸಿಕ್ಕಿದವು. ಒಂದು ಮೈಯಲ್ಲಿ ಜೊಂಡಿನ ಅಚ್ಚು, ಇನ್ನೊಂದು ಮೈಯಲ್ಲಿ ಕಡಲ ಚಿಪ್ಪು ಅಂಟಿದ ಗುರುತು. ದೋಣಿಗೆ ಬಳಿದ ಅರಗು ಅದು. ಕಡಲ ದೋಣಿಯ ಇಷ್ಟು ಹಳೆಯ ಕುರುಹು ಜಗತ್ತಿನಲ್ಲೇ ಅಪರೂಪ. ಮಲ್ಪೆ, ಗಂಗೊಳ್ಳಿ ಕಡೆಯವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಬೇಲಿ ಮುಗಿದು ತುಸು ದೂರದಲ್ಲಿ, ರಸ್ತೆ ಬದಿ ನೀರಿನ ಟ್ಯಾಂಕರ್ ನೆರಳಿನಲ್ಲಿ ಒಬ್ಬ ಕುರಿಗಾಹಿ ಕೂತಿದ್ದ. ತಲೆಗೆ ಕೆಂಪು ಚೌಕುಳಿ ಬಟ್ಟೆ, ಮೈಮೇಲೆ ದಪ್ಪ ಕೋಟು. ಸುತ್ತ ಇನ್ನೂರರಷ್ಟು ಕುರಿ. ಒಂದು ಕಾರಿನ ಟೈರಿನಲ್ಲಿ ಗಾಳಿ ಕಡಿಮೆ ಇದೆಯೆಂದು ನಿಲ್ಲಿಸಿ ನಾವು ನಮ್ಮೊಳಗೆ ಗಲಾಟೆ ಮಾಡುತ್ತಿದ್ದಾಗ ಆತ ಎದ್ದು ಬಂದ.

"ಕನ್ನಡದೋರೇನ್ರೀ?"

ಆ ಬಯಲಿನಲ್ಲಿ ಆ ಮಾತು ಕೇಳಿ ನಾವು ಒಂದು ಕ್ಷಣ ಸುಮ್ಮನಾದೆವು. ದೇವದುರ್ಗ ತಾಲ್ಲೂಕಿನ ಹಳ್ಳಿಯವರು. ಇಲ್ಲಿಗೆ ಬಂದು ಆರು ವರ್ಷ, ನಡುವೆ ಒಮ್ಮೆ ಊರಿಗೆ ಹೋಗಿ ಬಂದಿದ್ದಾರೆ. ಉಡುಪಿ, ಕುಂದಾಪುರ ಎಂದು ನಾವು ಹೇಳಿದ್ದಕ್ಕೆ "ಹಾಂ, ಮಂಗ್ಳೂರ ಕಡಿಯೋರು" ಎಂದು ಒಂದೇ ಮಾತಿನಲ್ಲಿ ನಮ್ಮನ್ನೆಲ್ಲ ಒಟ್ಟು ಮಾಡಿದರು. ಫ್ಲಾಸ್ಕಿನ ಚಹಾ, ಉಳಿದ ಅವಲಕ್ಕಿ ಕೊಟ್ಟೆವು. ಕನ್ನಡದಲ್ಲಿ ಎದುರೆದುರು ಕೂತು ಮಾತಾಡಿ ನಾಲ್ಕು ತಿಂಗಳಾಯಿತು ಎಂದರು.

"ಊರಾಗೂ ಕುರಿ ಕಾಯ್ತಿದ್ದೆ, ಇಲ್ಲೂ ಕುರೀನೇ. ಅಲ್ಲಿವು ನಮ್ಮವು, ಇವು ಅರಬಾಬಂದು, ಅಷ್ಟ ಫರಕು."

ನಾವು ದಿನವಿಡೀ ಮಾರ್ಗದರ್ಶಕರ ಹಿಂದೆ ತಿರುಗಿ ಕಲಿತದ್ದಕ್ಕಿಂತ ಹೆಚ್ಚು ಅವರು ಹತ್ತು ನಿಮಿಷದಲ್ಲಿ ಹೇಳಿದರು. ಯಾವ ಗಿಡ ಕುರಿಗೆ ಸಿಹಿ, ಯಾವುದನ್ನು ಒಂಟೆ ಮಾತ್ರ ಮುಟ್ಟುತ್ತದೆ, ಅಕ್ಟೋಬರ್-ನವೆಂಬರಿನಲ್ಲಿ ಬೀಳುವ ಮಳೆಗೆ ವಸ್ಮ್ ಎನ್ನುತ್ತಾರೆ, ಅದು ಸರಿಯಾಗಿ ಬಿದ್ದರೆ ಮಾತ್ರ ನೆಲದೊಳಗಿನ ಅಣಬೆ ಫಗ್ಗಾ ಏಳುತ್ತದೆ, ಅದನ್ನು ಅಗೆಯಲು ಸಿಟಿಯಿಂದ ಕಾರುಗಳು ಬರುತ್ತವೆ. ಕಾಲ ಬಳಿಯ ಒಂದು ಸಣ್ಣ ಗಿಡದ ಎಲೆ ಕಿತ್ತು ನಮ್ಮ ಮಕ್ಕಳ ಕೈಗೆ ಕೊಟ್ಟು, "ತಿಂದ ನೋಡ್ರಿ, ಹುಳಿ ಇರ್ತೈತಿ. ನಮ್ಮ ಕಡಿ ಚುಕ್ಕಾ ಪಲ್ಲೆ ಮಾಡ್ತೇವಲ್ಲ, ಅದ ಇದು. ಅರಬ್ಬರೂ ತಿಂತಾರ" ಎಂದರು. ನಿಜಕ್ಕೂ ಹುಳಿಯಿತ್ತು.

ಬೇಲಿಯ ಬಗ್ಗೆ ಕೇಳಿದೆವು. ಕುರಿಗಾಹಿಗೆ ಬೇಲಿಯ ಮೇಲೆ ಸಿಟ್ಟಿರಬೇಕು ಎಂದು ನಮ್ಮ ಲೆಕ್ಕ.

"ಅರ್ಫಜ್ ಅಂದ್ರ ಕುರಿಗಿ ಭಾಳ ಜೀವ ರೀ. ಅದಕ್ಕ ಹೊರಗ ಉಳದಿಲ್ಲ. ಒಳಗ ಬಿಟ್ರ ಎರಡು ವರ್ಷದಾಗ ಅದೂ ಹಿಂಗ ಬೋಳಾಗ್ತೈತಿ, ನನಗ ಗೊತ್ತೈತಿ. ಮಳಿ ಇಲ್ಲದ ವರ್ಷ ಬಾರ್ಲಿ ಚೀಲ ತಂದು ಹಾಕ್ತಾರ, ಆವಾಗ ಈ ಕುರಿ ಬೇಲಿ ಕಡಿ ಮಾರಿ ಮಾಡಿ ನಿಂತಿರ್ತಾವು. ನನಗ ಗೊತ್ತೈತಿ, ಕುರಿಗಿ ಯಾರು ಹೇಳಬೇಕು?"

ಬೇಸಿಗೆ ಹೇಗೆ ಕಳೆಯುತ್ತೀರಿ ಎಂದು ಕೇಳಬಾರದಿತ್ತೇನೋ. ಈ ದೇಶದ ವಾಯವ್ಯದ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದೆ. ಜಗತ್ತಿನಲ್ಲಿ ನಂಬಬಹುದಾದ ಅತಿ ಹೆಚ್ಚಿನ ಉಷ್ಣಾಂಶಗಳಲ್ಲಿ ಅದೊಂದು. ಆ ದಿನಗಳಲ್ಲಿ ನಾವು ಪಾರ್ಕಿಂಗ್‌ನಿಂದ ಲಿಫ್ಟ್ ತನಕ ನಡೆಯಲು ಗೊಣಗುತ್ತೇವೆ. "ಕುರಿ ನೆರಳಾಗ ನಿಂತ್ರ ನಾನೂ ನಿಲ್ತೇನಿ" ಎಂದಷ್ಟೇ ಹೇಳಿ ಅವರು ಮಾತು ಬದಲಿಸಿದರು. "ಮ್ಯಾಲೆ ಹೋಗಿದ್ರೇನು? ಗುಡ್ಡದ ಮ್ಯಾಲೆ? ಆರು ವರ್ಷ ದಿನಾ ನೋಡೇನಿ, ಹತ್ತಿಲ್ಲ. ಅಲ್ಲಿ ಪರ್ಮಿಟ್ ಬೇಕಂತ."

ಫೋನು ತೆಗೆದು ಫೋಟೊಗಳನ್ನು ತೋರಿಸಿದೆವು. ಅಂಚು, ಕೊಲ್ಲಿ, ಆಚೆಯ ಕಡ್ಡಿಗಳಂಥ ಕಟ್ಟಡಗಳು, ಪೂರ್ವದ ಬಯಲು. ಒಂದೊಂದನ್ನೂ ಬೆರಳಿನಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದರು. ಬೇಲಿ ತಿರುಗುವ ಮೂಲೆ, ಟ್ಯಾಂಕರ್ ಬರುವ ಕಚ್ಚಾ ದಾರಿ ಎಲ್ಲವನ್ನೂ ಮೇಲಿನಿಂದ ಗುರುತು ಹಿಡಿದರು. ಆಮೇಲೆ ತಮ್ಮ ಫೋನಿಗೆ ಬೇಡ, ಅದರಲ್ಲಿ ಜಾಗವಿಲ್ಲ, ಊರಿಗೇ ಕಳಿಸಿ ಎಂದು ನಂಬರು ಹೇಳಿದರು. ಮನೆಯಲ್ಲಿ ಫೋನು ಇರುವುದು ಹತ್ತನೇ ತರಗತಿಯ ಮಗಳ ಕೈಯಲ್ಲಂತೆ. "ಅಪ್ಪ ಇರೋ ಜಾಗ ತೋರ್ಸು ಅಂತಾಳ. ಏನ್ ತೋರ್ಸೂದು ರೀ ಇಲ್ಲಿ, ಕುರಿ ಬಿಟ್ರ?"

ಬೆಲ್ಟು ಹಾಕಿ ಹೊರಡುವಾಗ ದೊಡ್ಡಣ್ಣ ಮತ್ತೆ ಇಳಿದು ಹೋಗಿ ತಮ್ಮ ಮಫ್ಲರ್ ಅವರ ಕೊರಳಿಗೆ ಹಾಕಿ ಬಂದರು. ಇನ್ನು ನನಗೆ ಇದರ ಕೆಲಸ ಇಲ್ಲ ಮಾರಾಯ್ರೆ, ಬ್ರಹ್ಮಾವರದಲ್ಲಿ ಮಫ್ಲರ್ ಹಾಕಿದರೆ ಜನ ನಗುತ್ತಾರೆ ಎಂದು ಕಾರಣ ಕೊಟ್ಟರು.

ಸೇತುವೆಯ ಮೇಲೆ ಇದ್ದಾಗ ಫೋಟೊಗಳು ಹೋದವು. ಸಾಲ್ಮಿಯಾ ಮುಟ್ಟುವ ಹೊತ್ತಿಗೆ ದೇವದುರ್ಗದಿಂದ ಒಂದು ವಾಯ್ಸ್ ಮೆಸೇಜ್ ಬಂತು. ಹುಡುಗಿಯ ದನಿ, ಹಿಂದೆ ಎಲ್ಲೋ ಕೋಳಿ ಕೂಗುವ ಸದ್ದು. "ಭಾಳ ಚಂದ ಐತ್ರಿ ಮಾಮಾ. ಇದ್ರಾಗ ನಮ್ಮಪ್ಪ ಎಲ್ಲಿ ಅದಾನ್ರಿ?"

ಕಾರು ಬದಿಗೆ ನಿಲ್ಲಿಸಿ, ಅಂಚಿನಿಂದ ಪೂರ್ವಕ್ಕೆ ತೆಗೆದ ಫೋಟೊ ಹುಡುಕಿ ಹಿಗ್ಗಿಸಿದೆವು. ಬೇಲಿ ತಿರುಗುವ ಮೂಲೆಯ ಆಚೆ, ಕಚ್ಚಾ ದಾರಿಯ ಪಕ್ಕ, ಎಳ್ಳು ಚೆಲ್ಲಿದ ಹಾಗೆ ಒಂದಷ್ಟು ಬಿಳಿ ಚುಕ್ಕಿಗಳಿದ್ದವು. ಕುರಿಯೋ ಕಲ್ಲೋ ಎಂದು ನಾಲ್ಕು ಕಾರಿನವರೂ ಕೂಡಿ ಚರ್ಚೆ ಮಾಡಿದೆವು. ಕುರಿಯೇ ಎಂದರು ದೊಡ್ಡಣ್ಣ. ಅದರ ಸುತ್ತ ಕೆಂಪು ಗೆರೆಯಲ್ಲಿ ಒಂದು ವೃತ್ತ ಎಳೆದು ಕಳಿಸಿದೆವು.